ಇಕ್ಕಳದ ಮಡಿ

ಹಲ್ಲುನೋವು ಬಂದವನ ಧೈರ್ಯ ವೈದ್ಯನ ಹೊಸ್ತಿಲವರೆಗೆ ಮಾತ್ರ ಎಂಬುದು ನಮ್ಮಲ್ಲಿ ಹಲವರ ಅನುಭವ. ಕುರ್ಚಿಯಲ್ಲಿ ಒರಗಿ ಬಾಯಿ ತೆರೆದ ಮೇಲೆ ಮಾತನಾಡುವಂತಿಲ್ಲ. ಒಳಗೆ ಏನು ನಡೆಯುತ್ತಿದೆಯೆಂದು ನೋಡುವಂತೆಯೂ ಇಲ್ಲ. ಆಳಂದದ ನನ್ನ ಚಿಕಿತ್ಸಾಲಯಕ್ಕೆ ಬಂದ ವೃದ್ಧೆಯೊಬ್ಬರು ಇದನ್ನು ಬಲ್ಲವರಂತೆ, ಬಾಯಿ ತೆರೆಯುವ ಮೊದಲೇ ನನ್ನನ್ನು ತಡೆದು ಕೇಳಿದರು: "ಸಾಹೇಬ್ರೇ, ಈಗ ಎದ್ದು ಹೋದಾಂವನ ಬಾಯಾಗ ಹಾಕಿದ್ದ ಇಕ್ಕಳಾನೇ ನನ್ನ ಬಾಯಾಗೂ ಹಾಕ್ತೀರೇನ್ರೀ?"

ನನ್ನ ಸಹಾಯಕನಿಗೆ ಸಿಟ್ಟು ಬಂದಿತು. "ತೊಳ್ದೀವಿ ಯವ್ವಾ, ಹ್ಯಾಂಗ ಹೊಳ್ಯಾಕತ್ತದ ನೋಡು" ಎಂದ. ಆತನ ಮಾತು ಸುಳ್ಳಲ್ಲ. ಇಕ್ಕಳ ಹೊಳೆಯುತ್ತಲೇ ಇತ್ತು. ಆದರೆ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಹೊಳಪು ಬೇರೆ, ಶುದ್ಧಿ ಬೇರೆ. ಹೊಳಪು ಕಣ್ಣಿಗೆ ಕಾಣುತ್ತದೆ, ಶುದ್ಧಿ ಕಾಣುವುದಿಲ್ಲ. ದಂತವೈದ್ಯನ ಹೊಣೆಗಾರಿಕೆಯೆಲ್ಲ ಈ ಒಂದು ವ್ಯತ್ಯಾಸದಲ್ಲಿ ಅಡಗಿದೆ.

ಹಲ್ಲು ಕೀಳುವಾಗ ರಕ್ತ ಬಾರದೆ ಇರದು. ಆ ರಕ್ತದಲ್ಲಿ ಕಾಮಾಲೆಯನ್ನು ತರುವ ಹೆಪಟೈಟಿಸ್-ಬಿ ವೈರಾಣು ಇದ್ದರೆ, ಅದು ಒಣಗಿದ ಕಲೆಯಲ್ಲಿಯೂ ಏಳು ದಿನ ಜೀವ ಹಿಡಿದುಕೊಂಡಿರಬಲ್ಲದು. ಅಂಥ ಉಪಕರಣದಿಂದ ಇನ್ನೊಬ್ಬನಿಗೆ ಸೋಂಕು ತಗುಲಿದರೆ ರೋಗ ತಲೆದೋರುವುದು ಒಂದರಿಂದ ಆರು ತಿಂಗಳ ಅನಂತರ. ಅಷ್ಟರಲ್ಲಿ ರೋಗಿ ಹಲ್ಲು ಕೀಳಿಸಿಕೊಂಡುದನ್ನು ಮರೆತಿರುತ್ತಾನೆ, ವೈದ್ಯ ರೋಗಿಯನ್ನೇ ಮರೆತಿರುತ್ತಾನೆ. ತಪ್ಪು ಮಾಡಿದವನಿಗೆ ತನ್ನ ತಪ್ಪು ಎಂದೂ ತಿಳಿಯದೆ ಹೋಗುವುದೇ ಇಲ್ಲಿರುವ ದೊಡ್ಡ ಅಪಾಯ.

ನಾನು ವೃತ್ತಿಗಿಳಿದ ಮೊದಲ ವರ್ಷಗಳಲ್ಲಿ ಸ್ಟೀಲಿನ ಪಾತ್ರೆಯಲ್ಲಿ ಉಪಕರಣಗಳನ್ನು ಇಪ್ಪತ್ತು ನಿಮಿಷ ಕುದಿಸಿ, ಕರ್ತವ್ಯ ಮುಗಿಯಿತೆಂದು ನಂಬಿದ್ದೆ. ಕುದಿಯುವ ನೀರು ಅನೇಕ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ನಿಜ. ಆದರೆ ಕೆಲವು ಬ್ಯಾಕ್ಟೀರಿಯಾಗಳು ಕಷ್ಟಕಾಲದಲ್ಲಿ ಗಟ್ಟಿ ಕವಚ ತೊಟ್ಟು ಬೀಜಾಣುಗಳಾಗಿ ಕುಳಿತುಬಿಡುತ್ತವೆ. ಧನುರ್ವಾಯುವಿನ ರೋಗಾಣು ಇಂಥದು. ತೆರೆದ ಪಾತ್ರೆಯ ನೀರು ಎಷ್ಟು ಹೊತ್ತು ಕುದಿದರೂ 100 ಡಿಗ್ರಿ ಸೆಲ್ಸಿಯಸ್ ದಾಟದು. ಆ ಕವಚಕ್ಕೆ ಅಷ್ಟು ಬಿಸಿ ಸಾಲದು.

ಇದಕ್ಕೆ ಪರಿಹಾರ ನಮ್ಮ ಅಡುಗೆಮನೆಯಲ್ಲಿಯೇ ಇದೆ. ಕಲಬುರಗಿಯ ತೊಗರಿಬೇಳೆಯನ್ನು ತೆರೆದ ಪಾತ್ರೆಯಲ್ಲಿಟ್ಟರೆ ಬೇಯಲು ಬಹಳ ಹೊತ್ತು ಬೇಕು. ಕುಕ್ಕರಿನಲ್ಲಿಟ್ಟರೆ ನಾಲ್ಕು ಸೀಟಿಯಲ್ಲಿ ಕರಗಿಹೋಗುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಹಬೆಯ ಒತ್ತಡ ಏರಿದಂತೆ ಉಷ್ಣತೆಯೂ ಏರುವುದೇ ಇದರ ಗುಟ್ಟು. 1679ರಲ್ಲಿ ಡೆನಿ ಪಾಪಾನ್ ಇಂಥದೊಂದು ಪಾತ್ರೆಯನ್ನು ರಚಿಸಿದ. ಇನ್ನೂರು ವರ್ಷಗಳ ತರುವಾಯ, 1879ರಲ್ಲಿ, ಪಾಶ್ಚರನ ಸಹೋದ್ಯೋಗಿ ಶಾರ್ಲ್ ಶಾಂಬರ್ಲಾನ್ ಅದೇ ತತ್ತ್ವದಿಂದ ಆಟೋಕ್ಲೇವನ್ನು ರೂಪಿಸಿದ. ಅದರೊಳಗೆ ಚದರ ಅಂಗುಲಕ್ಕೆ 15 ಪೌಂಡು ಹೆಚ್ಚಿನ ಒತ್ತಡದಲ್ಲಿ ಹಬೆಯ ಉಷ್ಣತೆ 121 ಡಿಗ್ರಿಗೆ ಏರುತ್ತದೆ. ಪೊಟ್ಟಣ ಕಟ್ಟಿದ ಉಪಕರಣಗಳನ್ನು ಸಾಮಾನ್ಯ ಯಂತ್ರದಲ್ಲಿ ಆ ಉಷ್ಣತೆಯಲ್ಲಿ ಅರ್ಧ ಗಂಟೆ ಇಟ್ಟರೆ ಬೀಜಾಣುಗಳೂ ಉಳಿಯವು.

ಯಂತ್ರ ಕೊಂಡ ಮಾತ್ರಕ್ಕೆ ಕೆಲಸವಾಯಿತೆನ್ನಬೇಡಿ. ಹಬೆ ತಾಗಿದಲ್ಲಿ ಮಾತ್ರ ಶುದ್ಧಿ. ಇಕ್ಕಳದ ಕೀಲಿನಲ್ಲಿ ಒಣಗಿದ ರಕ್ತದ ಕಣವೊಂದು ಉಳಿದರೂ ಅದು ರೋಗಾಣುವಿಗೆ ಗುರಾಣಿಯಾಗುತ್ತದೆ. ಆದ್ದರಿಂದ ಮೊದಲು ಉಜ್ಜಿ ತೊಳೆಯಬೇಕು, ಒಣಗಿಸಬೇಕು, ಕೀಲು ತೆರೆದಿಟ್ಟು ಪೊಟ್ಟಣ ಕಟ್ಟಬೇಕು, ಯಂತ್ರದಲ್ಲಿ ಒತ್ತೊತ್ತಾಗಿ ತುಂಬದೆ ಇಡಬೇಕು. ನಮ್ಮ ಕೊಳವೆಬಾವಿಯ ಗಡಸು ನೀರು ಯಂತ್ರದೊಳಗೆ ಸುಣ್ಣದಂತೆ ಕಟ್ಟಿಕೊಳ್ಳುವುದರಿಂದ ಬಟ್ಟಿಯಿಳಿಸಿದ ನೀರನ್ನೇ ಹಾಕಬೇಕು. ನಡುವೆ ವಿದ್ಯುತ್ತು ಹೋಯಿತೋ, ಆದದ್ದೆಲ್ಲ ಲೆಕ್ಕಕ್ಕಿಲ್ಲ. ಮತ್ತೆ ಮೊದಲಿನಿಂದ ಆರಂಭಿಸಬೇಕು. ಒಂದು ಸಂಜೆ ಹೀಗಾದಾಗ, ದೂರದ ಹಳ್ಳಿಯಿಂದ ಕೆನ್ನೆ ಹಿಡಿದುಕೊಂಡು ಬಂದಿದ್ದ ರೈತನಿಗೆ ನೋವಿನ ಗುಳಿಗೆ ಕೊಟ್ಟು, ಬೆಳಗ್ಗೆ ಬರಹೇಳಿದೆ. ಆತ ಗೊಣಗುತ್ತ ಹೋದ. ಆ ಗೊಣಗಾಟವನ್ನು ಸಹಿಸುವುದೂ ವೈದ್ಯನ ಧರ್ಮದೊಳಗೆ ಸೇರಿದೆಯೆಂದು ನಾನು ತಿಳಿದಿದ್ದೇನೆ.

ಶುದ್ಧಗೊಳಿಸಿದ ಉಪಕರಣ ಮಡಿಯುಟ್ಟವರಂತೆ. ಮುಟ್ಟಬಾರದುದನ್ನು ಮುಟ್ಟಿದೊಡನೆ ಮಡಿ ಕೆಡುತ್ತದೆ. ಮನೆಯ ಮಡಿ ಎಷ್ಟೋ ಸಲ ಮನುಷ್ಯರನ್ನು ದೂರವಿಟ್ಟಿತು. ಇಕ್ಕಳದ ಮಡಿ ಹಾಗಲ್ಲ. ಅದು ದೂರವಿಡುವುದು ರೋಗವನ್ನು ಮಾತ್ರ. ಶರಣರ ಮಠಕ್ಕೆ ನಡೆದುಕೊಳ್ಳುವವರಿಗೂ ಲಾಡ್ಲೆ ಮಶಾಯಕರ ದರ್ಗಾಕ್ಕೆ ನಡೆದುಕೊಳ್ಳುವವರಿಗೂ ಅದೇ ಹಬೆ, ಅದೇ ಅರ್ಧ ಗಂಟೆ.

ಈ ಮಡಿ ಕೆಟ್ಟರೆ ಏನಾದೀತೆಂಬುದಕ್ಕೆ ನೆರೆಯ ತಮಿಳುನಾಡಿನ ವಾಣಿಯಂಬಾಡಿಯಲ್ಲಿ 2023ರಲ್ಲಿ ನಡೆದ ದುರಂತವೇ ಸಾಕ್ಷಿ. ಅಲ್ಲಿನ ಒಂದು ದಂತಚಿಕಿತ್ಸಾಲಯಕ್ಕೆ ಹೋಗಿಬಂದವರಲ್ಲಿ ಹತ್ತು ಮಂದಿಗೆ ಮೆದುಳಿನ ಸೋಂಕು ತಗುಲಿ, ಎಂಟು ಮಂದಿ ಅಸುನೀಗಿದರು. ಕಾರಣವಾದದ್ದು ಮೆಲಿಯಾಯ್ಡೋಸಿಸ್ ಎಂಬ ರೋಗದ ಬ್ಯಾಕ್ಟೀರಿಯಾ. ಮಣ್ಣುನೀರಿನಲ್ಲಿ ವಾಸಿಸುವ ಇದನ್ನು ನಮ್ಮ ಕರಾವಳಿಯ ವೈದ್ಯರೂ ಬಲ್ಲರು. ತನಿಖೆ ನಡೆಸಿದ ತಜ್ಞರು ಬೆರಳು ತೋರಿದ್ದು ಸಲೈನ್ ಬಾಟಲಿಯತ್ತ. ಬಾಯಿ ತೊಳೆಯಲು ಬಳಸುವ ಆ ಬಾಟಲಿಯ ಮುಚ್ಚಳವನ್ನು ಶಸ್ತ್ರಚಿಕಿತ್ಸೆಯ ಉಪಕರಣದಿಂದಲೇ ತೆರೆದು, ಸಡಿಲವಾಗಿ ಮುಚ್ಚಿಟ್ಟು, ಮತ್ತೆ ಮತ್ತೆ ಬಳಸಲಾಗಿತ್ತು. ಒಂದು ಬಾಟಲಿಯ ಉಳಿತಾಯ, ಎಂಟು ಜೀವ.

ಹಾಗಾದರೆ ಕಣ್ಣಿಗೆ ಕಾಣದ ಶುದ್ಧಿಯನ್ನು ನಂಬುವುದು ಹೇಗೆ? ಪೊಟ್ಟಣದ ಮೇಲೊಂದು ಪಟ್ಟಿ ಇರುತ್ತದೆ. ಹಬೆಯ ಬಿಸಿ ತಾಗಿದಾಗ ಅದರ ಬಣ್ಣ ಬದಲಾಗುತ್ತದೆ. ಪೊಟ್ಟಣ ಯಂತ್ರದೊಳಗೆ ಹೋಗಿಬಂದಿದೆಯೆಂದು ಮಾತ್ರ ಅದು ಹೇಳಬಲ್ಲದು. ಅದಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೊಂದಿದೆ: ಬಿಸಿಯನ್ನು ಬಹಳವಾಗಿ ತಾಳಿಕೊಳ್ಳುವ ನಿರಪಾಯಕರ ಬೀಜಾಣುಗಳನ್ನು ಆಗಾಗ ಯಂತ್ರದೊಳಗಿಟ್ಟು, ಅವು ಸತ್ತವೇ ಎಂದು ನೋಡುವುದು. ಅವು ಸತ್ತಿದ್ದರೆ ಯಂತ್ರ ತನ್ನ ಕೆಲಸ ಮಾಡುತ್ತಿದೆಯೆಂದು ವೈದ್ಯ ನೆಮ್ಮದಿಯಿಂದಿರಬಹುದು.

ಅಂದು ನಾನು ಆ ತಾಯಿಯ ಎದುರಿನಲ್ಲಿಯೇ ಮುಚ್ಚಿದ ಪೊಟ್ಟಣವನ್ನು ಹಿಡಿದು, ಕಪ್ಪಾದ ಪಟ್ಟಿಯನ್ನು ತೋರಿಸಿ, ಹರಿದು ಇಕ್ಕಳವನ್ನು ಹೊರತೆಗೆದೆ. ಹೊಳೆಯುತ್ತಿದ್ದ ಮೊದಲಿನ ಇಕ್ಕಳ ಪಕ್ಕದಲ್ಲಿಯೇ ಉಳಿಯಿತು. "ಆತು ಬಿಡ್ರಿ" ಎಂದು ಅವರು ಬಾಯಿ ತೆರೆದರು. ಅಂದಿನಿಂದ ರೋಗಿಯ ಕಣ್ಣೆದುರಿನಲ್ಲಲ್ಲದೆ ನಾನು ಪೊಟ್ಟಣ ಬಿಚ್ಚಿಲ್ಲ. ಕೇಳುಗರೇ, ಮುಂದಿನ ಸಲ ದಂತವೈದ್ಯನ ಕುರ್ಚಿಯಲ್ಲಿ ಕುಳಿತಾಗ, ಬಾಯಿ ತೆರೆಯುವ ಮೊದಲು ಆ ಮುದುಕಿಯ ಪ್ರಶ್ನೆಯನ್ನು ನೀವೂ ಕೇಳಿ. ಒಳ್ಳೆಯ ವೈದ್ಯ ಅದಕ್ಕೆ ಸಿಟ್ಟಾಗಲಾರ.