ಹಸುರಾದುದೆಲ್ಲವೂ ಹುಲ್ಲಲ್ಲ

ಬೆಳ್ಳಗಿರುವುದೆಲ್ಲವೂ ಹಾಲಲ್ಲವೆಂಬುದು ಹಿರಿಯರ ನುಡಿ. ಚಾಮರಾಜನಗರ, ಗುಂಡ್ಲುಪೇಟೆಗಳ ಮಹಾಜನರು ಅದರೊಡನೆ ಇನ್ನೊಂದು ನುಡಿಯನ್ನು ಸೇರಿಸಿಕೊಳ್ಳಬೇಕಾದ ಕಾಲವು ಒದಗಿದೆ: ಹಸುರಾದುದೆಲ್ಲವೂ ಹುಲ್ಲಲ್ಲ. ಮಳೆಗಾಲದಲ್ಲಿ ಬಂಡೀಪುರದ ಹಾದಿ ಹಿಡಿದವರು ಇಕ್ಕೆಲದ ಹಸುರನ್ನು ಕಂಡು, ಕಾಡು ಸಮೃದ್ಧವಾಗಿದೆಯೆಂದು ಹರ್ಷಪಡುತ್ತಾರೆ. ಆ ಹಸುರಿನಲ್ಲಿ ಎಷ್ಟೋ ಭಾಗವು ಲಂಟಾನದ ಪೊದೆ. ಜಿಂಕೆ, ಕಾಟಿಗಳಿಗೆ ಅದು ಮೇವಲ್ಲ.

ಲಂಟಾನವು ಅಮೆರಿಕ ಖಂಡದ ಗಿಡ. ಹೂವಿನ ಅಂದಕ್ಕೆ ಮರುಳಾಗಿ 1809ರ ಸುಮಾರಿಗೆ ಅದನ್ನು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಹರಡಿದವು. ಅತಿಥಿಯಾಗಿ ಬಂದುದು ಮನೆಯ ಯಜಮಾನಿಕೆಯನ್ನೇ ವಹಿಸಿತು. ಅದರ ದಟ್ಟ ನೆರಳಿನಲ್ಲಿ ಹುಲ್ಲು ಚಿಗುರದು. ಹೊನ್ನೆ, ಮತ್ತಿಗಳ ಸಸಿಗಳು ತಲೆಯೆತ್ತವು. ಬೇಸಗೆಯಲ್ಲಿ ಅದೇ ಪೊದೆಯು ಕಾಳ್ಗಿಚ್ಚಿಗೆ ಸೌದೆಯಾಗುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಉರಿದುದನ್ನು ವಾಚಕರು ಮರೆತಿರಲಾರರು. ಈಚೆಗೆ ಸೆನ್ನ ಸ್ಪೆಕ್ಟಾಬಿಲಿಸ್ ಎಂಬ ಮತ್ತೊಂದು ಪರದೇಶದ ಮರವೂ ಹಬ್ಬುತ್ತಿದೆ. ಅದರ ಹಳದಿ ಹೂವನ್ನು ನಮ್ಮ ಕಕ್ಕೆಯೆಂದು ಭ್ರಮಿಸಿ ಕೊಂಡಾಡುವವರೂ ಉಂಟು! ಕಾಡಿನೊಳಗೆ ಮೇವು ಕುಗ್ಗಿದರೆ ಆನೆಯು ಹೊಲಕ್ಕಿಳಿಯುವುದರಲ್ಲಿ ಸೋಜಿಗವೇನು? ಅದರ ದಂಡವನ್ನು ತೆರುವವನು ಇರುಳೆಲ್ಲ ಕಾವಲು ಕೂರುವ ರೈತನು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಗೆಯ ಮೊದಲಲ್ಲಿ ಒಣಗಿದೆಲೆಗಳಿಗೆ ಸಣ್ಣಗೆ ‘ತರಗು ಬೆಂಕಿ’ ಇಡುತ್ತಿದ್ದರು. 1974ರಲ್ಲಿ ಬೆಟ್ಟವು ಅಭಯಾರಣ್ಯವಾದ ಬಳಿಕ ಆ ಪದ್ಧತಿಯು ನಿಂತಿತು. ಲಂಟಾನವು ಮಿತಿಮೀರಿದುದು ಆಮೇಲೆಯೇ ಎಂಬುದು ಸೋಲಿಗ ಹಿರಿಯರ ಮತ. 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಅರಣ್ಯದ ಸಾಮುದಾಯಿಕ ಹಕ್ಕು ದೊರೆಯಿತು. ಹಕ್ಕು ಕೊಟ್ಟ ಸರಕಾರವು ಅವರ ಅನುಭವಕ್ಕೂ ಕಿವಿಗೊಡುವುದು ನ್ಯಾಯವಲ್ಲವೇ? ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಲಂಟಾನದ ಕಡ್ಡಿಯಿಂದ ಕುರ್ಚಿ ಮೇಜುಗಳನ್ನು ಹೆಣೆಯಬಲ್ಲರೆಂದು ತೋರಿಸಿಕೊಟ್ಟಿದ್ದಾರೆ. ಲಂಟಾನವನ್ನು ಬೇರುಸಹಿತ ಕಿತ್ತು, ಆ ನೆಲದಲ್ಲಿ ನಾಡಿನ ಹುಲ್ಲನ್ನು ಎಬ್ಬಿಸುವ ಕೆಲಸವನ್ನು ಕೂಲಿಕೊಟ್ಟು ಅವರಿಗೇ ವಹಿಸಬೇಕು.

ಸರಕಾರದ ಕೆಲಸ ಅದಾದರೆ, ನಮ್ಮ ನಿಮ್ಮ ಕೆಲಸವೂ ಇದೆ. ಮೊದಲು ನಮ್ಮ ಗಿಡಮರಗಳ ಗುರುತು ನಮಗಿರಬೇಕು. ಮಾಘ ಫಾಲ್ಗುಣಗಳಲ್ಲಿ ಎಲೆಯುದುರಿದ ಮುತ್ತುಗವೂ ಬೂರುಗವೂ ಕೆಂಪಾಗಿ ಅರಳಿ ಗೊರವಂಕ, ಸೂರಕ್ಕಿಗಳಿಗೆ ಮಧುವನ್ನು ಬಡಿಸುತ್ತವೆ. ಚೈತ್ರಕ್ಕೆ ಹೊಂಗೆಯ ಚಿಗುರು, ವೈಶಾಖಕ್ಕೆ ಕಕ್ಕೆಯ ಹೊಂಗೊಂಚಲು. ಭಾದ್ರಪದಕ್ಕೆ ಬೇಲಿಯ ಮೇಲೆ ಗೌರಿಹೂವು. ಪುಷ್ಯಕ್ಕೆ ಬೆಟ್ಟದ ನೆಲ್ಲಿ. ಈ ಪಂಚಾಂಗವನ್ನು ಶಾಲೆಯ ಮಕ್ಕಳಿಗೆ ಉಪಾಧ್ಯಾಯರು ಮರದಡಿಯಲ್ಲಿ ನಿಲ್ಲಿಸಿಯೇ ಕಲಿಸಲಿ. ರೈತರು ಬದುವಿನಲ್ಲಿ ಹೊಂಗೆ, ಬೇವು, ಹುಣಸೆಗಳಿಗೆ ಎಡೆಗೊಡಲಿ. ಬೇಲಿಯ ತಂಗಡಿಯನ್ನು ಸವರದಿರಲಿ. ಗ್ರಾಮಪಂಚಾಯಿತಿಗಳು ಗುಂಡುತೋಪುಗಳಲ್ಲಿ ಆಲ, ಅತ್ತಿಗಳನ್ನು ನೆಡಲಿ. ಅವು ಹಣ್ಣಾದಾಗ ಹಕ್ಕಿಗಳಿಗೆ ಅನ್ನಸತ್ರವೇ ಸರಿ. ಬಂಡೀಪುರದ ಯಾತ್ರಿಕರು ವಾಹನವನ್ನು ಮೆಲ್ಲನೆ ನಡೆಸಲಿ. ಕೋತಿ ಜಿಂಕೆಗಳಿಗೆ ತಿಂಡಿಯನ್ನೆಸೆಯುವ ಹುಸಿಧರ್ಮವನ್ನು ಬಿಡಲಿ.

ಬದನವಾಳಿನ ರಾಟೆಯ ಸದ್ದನ್ನು ಕೇಳಿದ ಸೀಮೆಯಿದು. ಉಡುವ ಬಟ್ಟೆಯಲ್ಲಿ ಸ್ವದೇಶಿಯನ್ನು ವ್ರತವಾಗಿ ಹಿಡಿದವರ ಮಕ್ಕಳು, ನೆಡುವ ಗಿಡದಲ್ಲಿ ಅದನ್ನು ಮರೆಯುವುದು ತರವೇ? ಬರುವ ಮುಂಗಾರಿಗೆ ಮನೆಗೊಂದು ನಾಡಗಿಡವನ್ನು ನೆಟ್ಟು, ಒಂದು ಲಂಟಾನದ ಬುಡವನ್ನು ಹಿತ್ತಲಿನಿಂದ ಕೀಳಬೇಕೆಂದು ನಮ್ಮ ವಾಚಕರಲ್ಲಿ ಅರಿಕೆಮಾಡುತ್ತೇವೆ.