ಪ್ರಯಾಣದ ಭೇದಿಗೆ ಮಾತ್ರೆ ಯಾವಾಗ?

ಎರಡು ರಾತ್ರಿ ರೈಲಿನಲ್ಲಿ ಕಳೆದ ನಿಮ್ಮ ಭಾವನವರು ಬೆಳಗಿನ ಜಾವ ಕೃಷ್ಣರಾಜಪುರದಲ್ಲಿ ಇಳಿದು ಮನೆ ಸೇರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಕೆಟ್ಟಿತು. ಸಂಜೆಯೊಳಗೆ ನಾಲ್ಕು ಬಾರಿ ಭೇದಿ. "ಹೋದ ಸಲ ತಂದೆವಲ್ಲ, ಅದೇ ಮಾತ್ರೆ ತಾ" ಎಂದು ಹಿರಿಯರು ಹೇಳುವುದೇ ತಡ, ಮನೆಯ ಹುಡುಗ ಔಷಧದಂಗಡಿಗೆ ಹೊರಡುತ್ತಾನೆ. ಅವನನ್ನು ಒಂದು ನಿಮಿಷ ತಡೆಯಿರಿ.

ಪ್ರಯಾಣಿಕರಿಗೆ ಹತ್ತುವ ಈ ಭೇದಿಗೆ ಬಹುಮಟ್ಟಿಗೆ ಬ್ಯಾಕ್ಟೀರಿಯಾಗಳೇ ಕಾರಣ. ಅವುಗಳಲ್ಲಿ ಇ. ಕೋಲೈಯ ಒಂದು ಬಗೆ ಮುಖ್ಯವಾದದ್ದು. ಹಾಗಾದರೆ ಬ್ಯಾಕ್ಟೀರಿಯಾ ಕೊಲ್ಲುವ ಆಂಟಿಬಯಾಟಿಕ್ ಕೊಟ್ಟರೆ ತಪ್ಪೇನು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಹೆಚ್ಚಿನವರಲ್ಲಿ ಈ ಬೇನೆ ಮೂರರಿಂದ ಐದು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅಷ್ಟರಲ್ಲಿ ಅಪಾಯ ತರುವುದು ಮೈಯಿಂದ ಹೊರಟುಹೋಗುವ ನೀರು ಮತ್ತು ಲವಣ.

ನಮ್ಮ ಕಂಟೋನ್ಮೆಂಟಿಗೆ ಇದು ಹೊಸ ಪಾಠವಲ್ಲ. 1895ರಲ್ಲಿ ಬೆಂಗಳೂರಿನಲ್ಲಿ ಕಾಲರಾ ಕಾಣಿಸಿಕೊಂಡಾಗ, ಮುಂದೆ ಮಲೇರಿಯಾ ಸಂಶೋಧನೆಯಿಂದ ಹೆಸರಾದ ರೊನಾಲ್ಡ್ ರಾಸ್ ಅವರನ್ನು ಇಲ್ಲಿಗೆ ಕಳುಹಿಸಿದರು. ಆಗ ಆಂಟಿಬಯಾಟಿಕ್ ಎಂಬುದೇ ಇರಲಿಲ್ಲ. ಅವರು ಗಮನ ಕೊಡಬೇಕಾದದ್ದು ಊರಿನ ನೈರ್ಮಲ್ಯಕ್ಕೆ. ಮುಂದೆ 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸರು ಉಪ್ಪು–ಸಕ್ಕರೆ ದ್ರಾವಣ ಕುಡಿಸಿಯೇ ಕಾಲರಾದ ಸಾವನ್ನು ನೂರಕ್ಕೆ 4ಕ್ಕಿಂತ ಕೆಳಗಿಳಿಸಿದರು.

ಓಆರ್‌ಎಸ್ ಪೊಟ್ಟಣವಿದ್ದರೆ ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಇಲ್ಲವಾದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಸಮ ಮಾಡಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡಿಸಿ. ಹಣ್ಣಿನ ರುಚಿಯ ಸಿಹಿ ಪಾನೀಯಗಳು ಬೇಡ, ಸಕ್ಕರೆ ಹೆಚ್ಚಾದರೆ ಭೇದಿಯೂ ಹೆಚ್ಚುತ್ತದೆ. ಗಂಜಿ, ಮೊಸರನ್ನ ಸೇರಿದರೆ ಕೊಡಿ, ಉಪವಾಸ ಹಾಕಬೇಡಿ.

ಆಂಟಿಬಯಾಟಿಕ್ ಬೇಕಾಗುವುದು ಮಲದಲ್ಲಿ ರಕ್ತ ಕಂಡರೆ, ಜೋರು ಜ್ವರ ಬಂದರೆ, ಅಥವಾ ಹಾಸಿಗೆಯಿಂದ ಏಳಲಾಗದಷ್ಟು ಭೇದಿಯಾದರೆ. ಆಗ ವೈದ್ಯರು ನಮ್ಮ ಕಡೆ ಹೆಚ್ಚಾಗಿ ಬರೆಯುವುದು ಅಜಿತ್ರೊಮೈಸಿನ್. ಹಿಂದೆ ಎಲ್ಲಕ್ಕೂ ಕೊಡುತ್ತಿದ್ದ ಸಿಪ್ರೊಫ್ಲಾಕ್ಸಸಿನ್‌ಗೆ ಈ ಭಾಗದ ಹಲವು ಬ್ಯಾಕ್ಟೀರಿಯಾಗಳು ಈಗ ಜಗ್ಗುವುದಿಲ್ಲ. ರಕ್ತ, ಜ್ವರ ಇದ್ದಾಗ ಭೇದಿಯನ್ನು ಗಕ್ಕನೆ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ಸಲ್ಲದು. ಅಕ್ಕಿ ತೊಳೆದ ನೀರಿನಂಥ ಭೇದಿ, ಬತ್ತಿದ ಮೂತ್ರ, ಒಳಸೇರಿದ ಕಣ್ಣು ಕಂಡರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಶಿವಾಜಿನಗರದವರಿಗೆ ಬೌರಿಂಗ್ ಹತ್ತಿರವೇ ಇದೆ. ಹಸುಗೂಸು, ಬಸುರಿ, ವೃದ್ಧರ ವಿಷಯದಲ್ಲಿ ಇಷ್ಟೂ ಕಾಯುವುದು ಬೇಡ.

ಬೇಡದ ಮಾತ್ರೆಯಿಂದ ಆಗುವುದೇನು? ಫಿನ್ಲೆಂಡಿನ 430 ಪ್ರಯಾಣಿಕರನ್ನು ಪರೀಕ್ಷಿಸಿದ ವರದಿಯೊಂದು 2015ರಲ್ಲಿ ಬಂತು. ಭೇದಿಯೂ ಆಗದೆ ಮಾತ್ರೆಯೂ ನುಂಗದೆ ಹಿಂದಿರುಗಿದವರಲ್ಲಿ ನೂರಕ್ಕೆ 11 ಮಂದಿಯ ಕರುಳಿನಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸಿಕ್ಕಿತು. ಭೇದಿಯಾಗಿ ಆಂಟಿಬಯಾಟಿಕ್ ನುಂಗದವರಲ್ಲಿ 21, ನುಂಗಿದವರಲ್ಲಿ 37. ಅದನ್ನು ಹೊತ್ತವರಿಗೆ ತಕ್ಷಣ ಏನೂ ತಿಳಿಯುವುದಿಲ್ಲ. ಆದರೆ ಮುಂದೊಮ್ಮೆ ಮೂತ್ರದ ಸೋಂಕು ಬಂದಾಗ, ವೈದ್ಯರು ಬರೆದ ಮೊದಲ ಔಷಧ ಹಿಡಿಯದೆ ಹೋಗಬಹುದು.

ಇನ್ನು ಹುಡುಗನನ್ನು ಅಂಗಡಿಗೆ ಬಿಡಿ, ಎರಡು ಪೊಟ್ಟಣ ಓಆರ್‌ಎಸ್ ತರಲಿ. ಭಾವನವರಿಗೆ ರಾತ್ರಿ ಜ್ವರ ಬಂದೀತೇ ಎಂದು ನೋಡುತ್ತಿರಿ.