ಶೂ ಕಾರ್ಖಾನೆಯಿಂದ ಹೊರಟ ಓಟ

ಆರ್ಥರ್ ಲಿಡಿಯಾರ್ಡ್‌ಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಶೂ ಕಾರ್ಖಾನೆಯ ಕೆಲಸ, ಬಿಡುವಿನಲ್ಲಿ ರಗ್ಬಿ. ಮೈ ಗಟ್ಟಿಯಾಗಿದೆ ಎಂದೇ ಆತ ನಂಬಿದ್ದ. ಒಂದು ದಿನ ಓಟದ ಕ್ಲಬ್ಬಿನ ಹಿರಿಯನೊಬ್ಬ ಐದು ಮೈಲಿ ಓಡೋಣ ಬಾ ಎಂದು ಕರೆದೊಯ್ದ. ಹಿರಿಯ ಆರಾಮಾಗಿ ಓಡುತ್ತಿದ್ದರೆ ಈತನ ಎದೆ ಒಡೆದುಹೋಗುವಂತಾಯಿತು. ಈಗಲೇ ಹೀಗಾದರೆ ಐವತ್ತಕ್ಕೆ ನನ್ನ ಗತಿಯೇನು ಎಂಬ ಚಿಂತೆ ಹತ್ತಿತು.

ಹೇಳಿಕೊಡುವ ಗುರು ಇರಲಿಲ್ಲ. ಸಿಕ್ಕಿದ ಪುಸ್ತಕದ ಪಾಠಗಳೂ ರುಚಿಸಲಿಲ್ಲ. ಹಾಗಾಗಿ ತನ್ನ ಮೈಯನ್ನೇ ಪ್ರಯೋಗಶಾಲೆ ಮಾಡಿಕೊಂಡ. ಒಂದು ವಾರ ಕಮ್ಮಿ ಓಡಿದ, ಇನ್ನೊಂದು ವಾರ 150 ಮೈಲಿ, ಮತ್ತೊಮ್ಮೆ 200ನ್ನೂ ದಾಟಿದ. ಸಂಸಾರ ತೂಗಿಸಲು ಹಾಲು ಹಾಕುವ ಕೆಲಸವನ್ನೂ ಮಾಡಿದ ಮನುಷ್ಯ, ಉಳಿದ ಹೊತ್ತಿನಲ್ಲಿ ಇದೆಲ್ಲ! ವರ್ಷಗಟ್ಟಲೆ ಹೀಗೆ ದಣಿದು, ಸುಧಾರಿಸಿಕೊಂಡು, ಮತ್ತೆ ದಣಿದ ಮೇಲೆ ಲೆಕ್ಕ ಸಿಕ್ಕಿತು: ವಾರಕ್ಕೆ ಸುಮಾರು 100 ಮೈಲಿ, ಅಂದರೆ 160 ಕಿ.ಮೀ. ಅದೂ ಏದುಸಿರು ಬಿಡದೆ, ಪಕ್ಕದವನ ಜೊತೆ ಮಾತಾಡಬಲ್ಲಷ್ಟು ವೇಗದಲ್ಲಿ. ಗುಡ್ಡ ಹತ್ತುವುದು, ವೇಗದ ಓಟ ಎಲ್ಲ ಆಮೇಲೆ. 1953 ಮತ್ತು 1955ರಲ್ಲಿ ಆತ ದೇಶದ ಮ್ಯಾರಥಾನ್ ಚಾಂಪಿಯನ್ ಆದ.

ಆ ಕಾಲದ ಫ್ಯಾಷನ್ನೇ ಬೇರೆ. ಟ್ರ್ಯಾಕಿನಲ್ಲಿ 400 ಮೀಟರ್ ಜೋರಾಗಿ ಓಡು, ತುಸು ಸುಧಾರಿಸಿಕೋ, ಮತ್ತೆ ಓಡು. ಇದನ್ನು ಹುಚ್ಚಿನ ಮಟ್ಟಕ್ಕೆ ಒಯ್ದು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದ ಎಮಿಲ್ ಜಾಟೊಪೆಕ್ ಕೂಡ ಹೆಚ್ಚಿನದನ್ನು ತಾನೇ ಕಲಿತವನು. ತಮಾಷೆಯೆಂದರೆ ಆತನೂ ಶೂ ಕಾರ್ಖಾನೆಯವನೇ. ನಮ್ಮ ಮಕ್ಕಳು ಶಾಲೆಗೆ ಹಾಕಿಕೊಂಡು ಹೋಗುವ ಬಾಟಾ ಶೂ ಇದೆಯಲ್ಲ, ಆ ಕಂಪನಿ ಹುಟ್ಟಿದ ಜ್ಲಿನ್ ಊರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ.

ಲಿಡಿಯಾರ್ಡ್ ಜೊತೆ ಓಡಲು ಒಬ್ಬೊಬ್ಬರೇ ಹುಡುಗರು ಬಂದರು. ಭಾನುವಾರ ವೈಟಾಕೆರೆ ಬೆಟ್ಟದ ಏರಿಳಿತದಲ್ಲಿ 22 ಮೈಲಿಯ ಸುತ್ತು. ಎರಡು ನಿಮಿಷದೊಳಗೆ ಮುಗಿಯುವ 800 ಮೀಟರ್ ಓಡುವವನಿಗೂ ಇದೇ ಶಿಕ್ಷೆ. ಕೇಳಿದವರು ನಕ್ಕಿರಲೂ ಸಾಕು. ಆದರೆ ನಿಧಾನದ ದೀರ್ಘ ಓಟದಿಂದ ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ, ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ದೂಡುತ್ತದೆ. ವೇಗ ನಿಲ್ಲುವುದು ಈ ಅಡಿಪಾಯದ ಮೇಲೆ.

1960ರ ಸೆಪ್ಟೆಂಬರ್ 2, ರೋಮ್ ಒಲಿಂಪಿಕ್ಸ್. 21ರ ಪೀಟರ್ ಸ್ನೆಲ್ 800 ಮೀಟರ್ ಗೆದ್ದ. ಗೆದ್ದದ್ದು ಅವನಿಗೇ ಗೊತ್ತಿರಲಿಲ್ಲ; ಸೋತ ವಿಶ್ವದಾಖಲೆಯ ಓಟಗಾರ ರೋಜರ್ ಮೋನ್ಸ್ ಹೇಳಬೇಕಾಯಿತು. ಒಂದು ಗಂಟೆ ಕಳೆಯುವುದರೊಳಗೆ, ರಗ್ಬಿಯಲ್ಲಿ ಪೆಟ್ಟಾಗಿ ಎಡಗೈ ಸೊರಗಿದ್ದ ಮರ್ರಿ ಹಾಲ್ಬರ್ಗ್ 5000 ಮೀಟರ್ ಗೆದ್ದು ಹುಲ್ಲಿನ ಮೇಲೆ ಕುಸಿದ. ಬ್ಯಾರಿ ಮ್ಯಾಗಿಗೆ ಮ್ಯಾರಥಾನಿನ ಕಂಚು. ಮೂವರೂ ಲಿಡಿಯಾರ್ಡ್ ಹುಡುಗರು.

ನನಗೆ ಪದಕಗಳಿಗಿಂತ ಹಿಡಿಸುವುದು ಆಮೇಲಿನ ಕಥೆ. ಇದೇ ವಿಧಾನವನ್ನು ಆತ ಹೊಟ್ಟೆ ಬಂದ ನಡುವಯಸ್ಸಿನವರಿಗೂ, ಹೃದ್ರೋಗಿಗಳಿಗೂ ಹಚ್ಚಿದ. 1962ರಲ್ಲಿ ಆಕ್ಲೆಂಡ್ ಜಾಗರ್ಸ್ ಕ್ಲಬ್ ಹುಟ್ಟಿತು. ಅದೇ ವರ್ಷದ ಕೊನೆಗೆ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಕೋಚ್ ಬಿಲ್ ಬೋವರ್‌ಮನ್ ಬಂದವರು ಇವರ ಜೊತೆ ಓಡಿ ಹಿಂದೆ ಬಿದ್ದರು. ಜೊತೆಗೆ ನಿಂತವನು ಎಪ್ಪತ್ತು ದಾಟಿದ, ಹೃದಯಾಘಾತ ಕಂಡಿದ್ದ ಮುದುಕ. ಕೋಚ್‌ಗೆ ಉಸಿರು ಸಾಲುತ್ತಿಲ್ಲ, ಮುದುಕ ಮಾತು ನಿಲ್ಲಿಸುತ್ತಿಲ್ಲ. ಬೋವರ್‌ಮನ್ ಊರಿಗೆ ಹೋಗಿ ಜಾಗಿಂಗ್ ಕಲಿಸಿದರು, ಹೃದ್ರೋಗ ತಜ್ಞರ ಜೊತೆ ಸೇರಿ ಪುಸ್ತಕವನ್ನೂ ಬರೆದರು. ಮುಂದೆ ನೈಕಿ ಆದ ಕಂಪನಿಯನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರು ಇವರೇ. ಅಂತೂ ಕಥೆ ಮತ್ತೆ ಶೂಗೇ ಬಂತು.

ಕೋಚ್ ಇಲ್ಲದೆ ಮ್ಯಾರಥಾನಿಗೆ ಅಣಿಯಾಗುವ ನಮ್ಮವರು ಆ 100 ಮೈಲಿಯ ಲೆಕ್ಕ ಹಿಡಿದು ಮಂಡಿ ಕೆಡಿಸಿಕೊಳ್ಳಬೇಕಿಲ್ಲ. ಅದು ಆತನ ಮೈ ಕೊಟ್ಟ ಲೆಕ್ಕ. ಭಾನುವಾರ ಗೆಳೆಯರೊಬ್ಬರ ಜೊತೆ ಓಡಿ ನೋಡಿ. ಮಾತು ಅರ್ಧಕ್ಕೆ ತುಂಡಾದರೆ ವೇಗ ಇಳಿಸಿ.